ಪೋಲೆಂಡಿನಿಂದ ಬಂದವಳು

ಟ್ಯಾಕ್ಸಿಯ ಕನ್ನಡಿಗೆ ತೂಗಿಬಿಟ್ಟ ಊದ್ ಅತ್ತರಿನ ಸುಗಂಧ ಮೂಗಿಗೆ ಅಡರಿ ತಲೆ ಭಾರವಾಗುತ್ತಿದೆ, ಗಾಜಿನಾಚೆ ಒಂದೆಳೆ ಹುಲ್ಲೂ ಇಲ್ಲದ ಮಸ್ಕತ್ತಿನ ಕಂದು ಗುಡ್ಡಗಳು, ಅಲ್ಲಿ ಪೋಲೆಂಡಿನಲ್ಲಿ ಎಲ್ಲಿ ನೋಡಿದರೂ ಹುಲ್ಲು, ಅಷ್ಟು ಜನರನ್ನು ಸುಟ್ಟ ನೆಲಕ್ಕೆ ಇಷ್ಟು ಹಸಿರಾಗಲು ಹೇಗೆ ಮನಸ್ಸು ಬಂತೋ ಎಂದು ನಿಕೋಲ್‌ಗೆ ಮೊದಲ ದಿನವೇ ಹೇಸಿಗೆಯಾಗಿತ್ತು — ನಾಝಿಗಳು ಯಹೂದಿಗಳನ್ನು ಕೂಡಿಹಾಕಿ ಕೊಂದ ಶಿಬಿರ, ಈಗ ಸ್ಮಾರಕ, ಬೇಸಿಗೆಯಲ್ಲಿ ದೇಶದೇಶದ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಬಂದು ಅದು ಹಾಳಾಗದಂತೆ ನೋಡಿಕೊಳ್ಳುತ್ತಾರೆ, ಜರ್ಮನಿಯಲ್ಲಿ ಓದುವ ಅವಳೂ ಹೋದಳು, ಇಟ್ಟಿಗೆ ಸಂದಿಯ ಕಳೆ ಕಿತ್ತಳು, ಪಕ್ಕದಲ್ಲಿ ಕೊರಿಯಾದ ಹುಡುಗಿ ಅಳುತ್ತಲೇ ಕೀಳುತ್ತಿದ್ದಳು, ನಿಕೋಲ್ ಅಳಲಿಲ್ಲ, ಬೆವರು ಒರೆಸಿಕೊಂಡು ಫೋಟೊ ತೆಗೆಸಿಕೊಂಡಳು, ಆ ಫೋಟೊ, ಅದನ್ನು ಹಾಕಿದ ಮೇಲೆ ಶಹನಾಝ್ ಮಾತೇ ಬಿಟ್ಟಿದ್ದಾಳೆ, ಮಸ್ಕತ್ತಿನ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಈಗ ಮೆಸೇಜು ಓದುತ್ತಾಳೆ, ಉತ್ತರವಿಲ್ಲ, ಬೆಳಿಗ್ಗೆ ಮಬೇಲಾದ ಮನೆಯಲ್ಲಿ ಮಮ್ಮಿ ದೋಸೆ ಮಗುಚುತ್ತಾ, ಡಿಲೀಟ್ ಮಾಡಿಬಿಡು ಬಾಯೆ, ಸತ್ತವರಿಗೆ ಫೋಟೊ ಬೇಕಾ, ಇರುವವಳ ಸ್ನೇಹ ಉಳಿಸ್ಕೊ — ಅಳಿಸಲಿಲ್ಲ, ಯಾಕೆ ಅಳಿಸಬೇಕು, ಯಾರದಾದರೂ ಮಕ್ಕಳು ಮಕ್ಕಳೇ ಅಲ್ಲವಾ ಶಹನಾಝ್, ಈ ಮಾತನ್ನು ಅವಳ ಮನೆಯ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದಾಳೆ, ಯಲ್ಲಾ, ಇಳಿಯಿರಿ, ಅಮೇರಾತ್ ಬಂತು ಎನ್ನುತ್ತಾನೆ ಡ್ರೈವರ್.

ಬಾಗಿಲು ತೆರೆದ ಶಹನಾಝ್‌ಳ ಮೊಣಕೈವರೆಗೂ ಸೋಪಿನ ನೊರೆ, ನೀನಾ, ಎಂದಳು, ಎಂತಕ್ಕೆ ಬಂದದ್ದು, ನಿನ್ನನ್ನು ನೋಡ್ಲಿಕ್ಕೆ ಎಂದಳು ನಿಕೋಲ್, ನೋಡಿ ಆಯ್ತಲ್ಲ — ಆದರೂ ಪಕ್ಕಕ್ಕೆ ಸರಿದಳು, ಒಳಗೆ ಮೀನುಸಾರಿನ ಅದೇ ಪರಿಮಳ, ಸೋಫಾದ ಮೇಲೆ ಕೆಜಿಗೆ ಹೋಗುವ ಅವಳ ಮಗಳು ಯೂನಿಫಾರ್ಮಿನಲ್ಲೇ ನಿದ್ದೆಹೋಗಿದ್ದಾಳೆ, ಮೆಲ್ಲಗೆ ಮಾತಾಡು ಎಂದವಳು ತಾನೇ ದನಿ ಏರಿಸಿದಳು, ಮೇಲಿನ ಮನೆಯಲ್ಲಿ ಒಬ್ರು ಟೀಚರ್ ಇದ್ದಾರೆ, ಗಾಝಾದವರು, ಇವಳಿಗೆ ಅಕ್ಷರ ಕಲಿಸಿದ್ದು ಅವರು, ಅವರ ತಂಗಿ ಮಕ್ಕಳು ಬಾಂಬು ಬಿದ್ದ ಕಟ್ಟಡದಡಿಯಲ್ಲೇ ಉಳಿದ್ರು, ಹೆಣ ಸಹ ಸಿಗ್ಲಿಲ್ಲ, ನಿನ್ನ ಫೋಟೊ ಅವರಿಗೆ ತೋರಿಸಿದ್ದು ನಾನೇ ಮಾರಾಯ್ತಿ, ನನ್ನ ಫ್ರೆಂಡ್ ಫಾರಿನ್ನಲ್ಲಿ ಓದುವುದು ಅಂತ ಹೊಗಳ್ಲಿಕ್ಕೆ, ಎಲ್ಲಿ ನಿಂತಿದ್ದೀ ಅಂತ ನಾನು ನೋಡ್ಲೇ ಇಲ್ಲ, ಅವರು ನೋಡಿದ್ರು, ಫೋನ್ ವಾಪಸ್ ಕೊಟ್ಟು ಮೇಲೆ ಹೋದ್ರು — ನಿಕೋಲ್ ಬಾಯಿ ತೆರೆದಳು, ಮಕ್ಕಳು ಮಕ್ಕಳೇ, ಎಷ್ಟು ಸಲ ಹೇಳಿಕೊಂಡಿದ್ದಳು, ಈಗ ಸೋಫಾದ ಮೇಲಿನ ಮಗುವನ್ನು ನೋಡಿದಳು, ಶಹನಾಝ್‌ಳೇ ಹೇಳಿದಳು, ಎಂಬತ್ತು ವರ್ಷದ ಹಿಂದಿನವರದ್ದು ಧೂಳು ಒರೆಸ್ಲಿಕ್ಕೆ ಪ್ರಪಂಚದ ಮಕ್ಕಳೆಲ್ಲ ಓಡ್ತೀರಿ, ಒಳ್ಳೇದೇ, ನಾನು ಬೇಡ ಹೇಳುವುದಿಲ್ಲ, ಇವರದ್ದು ಒರೆಸ್ಲಿಕ್ಕೆ ಯಾರು ಬರ್ತಾರೆ, ಇನ್ನೂ ಎಂಬತ್ತು ವರ್ಷ ಕಾಯ್ಬೇಕಾ, ಹೇಳು, ಓದಿದವಳು ನೀನು — ಗೋಡೆಯ ಏಸಿ ಗುರ್ರೆನ್ನುತ್ತಿದೆ, ಹೋಗು ನಿಕೋಲ್, ಟೀಚರ್ ಕೆಳಗೆ ಇಳಿಯುವ ಹೊತ್ತು, ಅವರ ಎದುರು ನೀನು ಬೇಡ.

ಹಾಗೆಂದು ಶಹನಾಝ್ ಬಾಲ್ಕನಿಗೆ ಹೋದಳು, ಮುಖ ತೋರಿಸಬಾರದೆಂದೇ ಹೋದಳು, ಬಕೆಟ್ಟಿನಿಂದ ಮಗಳ ಬಿಳಿ ಕ್ಯಾನ್ವಾಸ್ ಬೂಟು ಎತ್ತಿ ಹಿಂಡಿದಳು, ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿದಳು, ಹಗ್ಗಕ್ಕೆ ತೂಗಿಬಿಟ್ಟಳು, ಎಲ್ಲ ಅಮ್ಮಂದಿರೂ ಮಾಡುವಂತೆ — ಶಿಬಿರದಲ್ಲಿ ಕೊನೆಯ ದಿನ ನಿಕೋಲ್‌ಳನ್ನು ಒಳಗೆ ಕರೆದಿದ್ದರು, ಮೇಜಿನ ಮೇಲೆ ಯಾವುದೋ ಮಗುವಿನದು, ಅಂಗೈಯಷ್ಟು ಬೂಟು, ಕೈಗೆ ಮೆತ್ತನೆಯ ಬ್ರಷ್ಷು, ಧೂಳು ಮಾತ್ರ ತೆಗೆ, ಲೇಸು ಮುಟ್ಟಬೇಡ ಎಂದಿದ್ದಳು ಮೇಲ್ವಿಚಾರಕಿ, ಎರಡೂ ಬೂಟುಗಳನ್ನು ಲೇಸಿನಿಂದ ಸೇರಿಸಿ ಕಟ್ಟಲಾಗಿತ್ತು, ಸ್ನಾನಕ್ಕೆ ಹೋಗುವ ಮೊದಲು ಕಟ್ಟಿಡಿ, ಬಂದಮೇಲೆ ಹುಡುಕಲು ಸುಲಭ ಎಂದು ನಂಬಿಸಿ ವಿಷಾನಿಲದ ಕೋಣೆಗೆ ಕಳಿಸಿದ್ದರಂತೆ, ಯಾರೋ ಅಮ್ಮ ಬಗ್ಗಿ ಕೂತು ಕಟ್ಟಿದ್ದಾಳೆ, ಬಿಚ್ಚದಿರಲೆಂದು ಎರಡು ಸುತ್ತು, ಎಳೆದು, ಬಿಗಿಯಾಗಿ — ಹೋಗಬೇಕು, ಮೆಟ್ಟಿಲಲ್ಲಿ ಯಾರದೋ ಚಪ್ಪಲಿಯ ಸದ್ದು, ಹೋಗಬೇಕು, ಹಗ್ಗದಿಂದ ನೀರು ತೊಟ್ಟಿಕ್ಕುತ್ತಿದೆ, ಎರಡು ಸುತ್ತು, ಬಿಗಿಯಾಗಿ, ಆ ಗಂಟು, ಆ ಗಂಟು