ಇಪ್ಪತ್ತಾರು ಹಲ್ಲುಗಳ ಒಡತಿ

ನಾನು ಒಂದು ಬೆಕ್ಕು. ಬೆನ್ನು ಬೂದು, ಹೊಟ್ಟೆ ಬಿಳಿ, ವಯಸ್ಸು ಹದಿನಾಲ್ಕು. ಬಾಯಲ್ಲಿ ಇಪ್ಪತ್ತಾರು ಹಲ್ಲುಗಳಿವೆ. ಬೆಕ್ಕಿಗೆ ಮೂವತ್ತಿರಬೇಕಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲಿ. ಈ ಪ್ರಾಯದಲ್ಲಿ ಇಷ್ಟು ಹಲ್ಲು ಉಳಿಸಿಕೊಂಡ ಇನ್ನೊಂದು ಬೆಕ್ಕನ್ನು ಅವರು ಮೂಲ್ಕಿ ಪೇಟೆಯಲ್ಲಿ ತೋರಿಸಿದರೆ ನನ್ನ ಜಾಗ ಬಿಟ್ಟುಕೊಡುತ್ತೇನೆ.

ನಾನು ಹುಟ್ಟಿದ್ದು ಮೀನು ಮಾರುಕಟ್ಟೆಯ ಹಿಂದೆ, ಐಸು ತುಂಬುವ ಒಂದು ಒಡೆದ ಪೆಟ್ಟಿಗೆಯಲ್ಲಿ. ಮೀನು ಮಾರುವ ಗಿರಿಜಕ್ಕ ಬಂಗುಡೆ ಮೀನಿನ ತಲೆಗಳನ್ನು ಹಾಕಿ ನನ್ನನ್ನು ಸಾಕಿದಳು. ಮಾರುಕಟ್ಟೆಯ ಹಳೆಯ ಕಟ್ಟಡ ಕೆಡವಲು ಬಂದ ದಿನ ನನ್ನನ್ನು ಬುಟ್ಟಿಯಲ್ಲಿ ಕೂರಿಸಿ ಬಸ್‌ ಸ್ಟ್ಯಾಂಡಿನ ಎದುರಿನ ವಾಮನ ಭಂಡಾರಿಯವರ ಸೆಲೂನಿಗೆ ತಂದಳು.

"ಇಲಿ ಹಿಡೀತದೆ ಭಂಡಾರಿಗಳೇ, ಇಟ್ಟುಕೊಳ್ಳಿ."

ಭಂಡಾರಿಯವರು ನನ್ನ ಬಣ್ಣ ನೋಡಿ ನಕ್ಕರು. "ಬೂತಾಯಿ ಮೀನಿನ ಹಾಗೇ ಉಂಟಲ್ಲ" ಎಂದರು. ಅಂದಿನಿಂದ ನನ್ನ ಹೆಸರು ಬೂತಾಯಿ. ಮೀನಿನ ಹೆಸರನ್ನು ಹೊತ್ತ ಬೆಕ್ಕು ಎಂದು ಗಿರಾಕಿಗಳು ನಗುತ್ತಿದ್ದರು. ನನಗೆ ಅದು ಬಿರುದಿನಂತೆಯೇ ಕೇಳುತ್ತಿತ್ತು.

ಸೆಲೂನಿನಲ್ಲಿ ಎರಡು ಕುರ್ಚಿ, ಗೋಡೆ ತುಂಬ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಹಿಂದಿನ ಬಾಗಿಲು ದಾಟಿದರೆ ಭಂಡಾರಿಯವರ ಮನೆ. ಬೆಂಚಿನ ತುದಿ ನನ್ನದು. ಅಲ್ಲಿಂದ ನಾನು ಭಂಡಾರಿಯವರ ಕೈಗಳನ್ನು ನೋಡುತ್ತಿದ್ದೆ. ಎಡಗೈಯ ಎರಡು ಬೆರಳಿನಲ್ಲಿ ಗಿರಾಕಿಯ ಕೆನ್ನೆಯನ್ನು ಮೆಲ್ಲಗೆ ಎಳೆದು ಬಲಗೈಯಲ್ಲಿ ಕತ್ತಿ ಇಳಿಸಿದರೆ ಸಾಕು, ಬೈಯುತ್ತಾ ಬಂದವರೂ ಕಣ್ಣು ಮುಚ್ಚುತ್ತಿದ್ದರು.

ಆರನೆಯ ವರ್ಷದಲ್ಲಿ ನನ್ನ ಬಾಯಿ ಕೆಟ್ಟಿತು. ಮೊದಲು ಗಟ್ಟಿ ತಿನಿಸು ಕಚ್ಚಿದಾಗ ಮಾತ್ರ ನೋಯುತ್ತಿತ್ತು. ಆಮೇಲೆ ನೀರು ಕುಡಿದರೂ ನೋವು. ಹಸಿವಾಗಿ ತಟ್ಟೆಯ ಹತ್ತಿರ ಹೋಗುತ್ತಿದ್ದೆ, ಮೂಸಿ ಹಿಂದೆ ಬರುತ್ತಿದ್ದೆ. ಭಂಡಾರಿಯವರ ಹೆಂಡತಿ ಸುಗುಣಮ್ಮ "ಇದಕ್ಕೆ ಸೊಕ್ಕು, ದಿನಾ ಹಸಿ ಮೀನೇ ಬೇಕು" ಎಂದು ಗೊಣಗಿದರು. ಜೊಲ್ಲು ಇಳಿಯತೊಡಗಿತು. ಬಾಯಿಯ ವಾಸನೆ ಬೆಂಚಿನಲ್ಲಿ ಕೂತವರಿಗೂ ತಾಗಿತು.

ಪ್ರತಿ ಶನಿವಾರ ಗಡ್ಡಕ್ಕೆ ಬರುತ್ತಿದ್ದ ಸಂಜೀವ ಮಾಸ್ಟ್ರು ಮೂಗು ಮುಚ್ಚಿಕೊಂಡರು. "ಭಂಡಾರಿ, ಜೊಲ್ಲು ನೋಡು. ಹುಚ್ಚು ಹಿಡಿದಿರಬೇಕು. ಗೋಣಿಯಲ್ಲಿ ಹಾಕಿ ಹೊಳೆ ಆಚೆ ಬಿಟ್ಟು ಬಾ. ಇಲ್ಲದಿದ್ದರೆ ನಾನು ಬೇರೆ ಸೆಲೂನ್ ನೋಡ್ತೇನೆ."

ಮಾಸ್ಟ್ರು ಹೋದ ಮೇಲೆ ಭಂಡಾರಿಯವರು ಬಾಗಿಲು ಎಳೆದುಕೊಂಡು ಕನ್ನಡಕ ಹಾಕಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ದೀಪವನ್ನು ನನ್ನ ಕಡೆ ತಿರುಗಿಸಿದರು. ಹೆಬ್ಬೆರಳಿನಿಂದ ನನ್ನ ತುಟಿ ಎತ್ತಿ ತುಂಬ ಹೊತ್ತು ನೋಡಿದರು.

"ಹುಚ್ಚಲ್ಲ ಇದು" ಎಂದು ತಮಗೆ ತಾವೇ ಹೇಳಿಕೊಂಡರು. "ಹಲ್ಲುನೋವು, ಪಾಪ."

ಪಶು ಆಸ್ಪತ್ರೆಯ ಡಾಕ್ಟರ್ ನಫೀಸಾ ನನ್ನನ್ನು ಮಲಗಿಸುವ ಚುಚ್ಚುಮದ್ದು ಕೊಟ್ಟು, ಹಲ್ಲಿಗೆ ಕಟ್ಟಿದ್ದ ಹಳದಿ ಕಲ್ಲನ್ನು ಕೆರೆದು ತೆಗೆದರು. ನಾಲ್ಕು ಹಲ್ಲು ಬುಡ ಕೊಳೆತು ಹೋಗಿದ್ದವು. ಅವನ್ನು ಕಿತ್ತರು. ನಾನು ಎಚ್ಚರಾಗುವಾಗ ಅವರು ಭಂಡಾರಿಯವರಿಗೆ ಹೇಳುತ್ತಿದ್ದರು:

"ಗಾಯ ಮಾಯಲಿಕ್ಕೆ ಎರಡು ವಾರ ಬಿಡಿ. ಆಮೇಲೆ ದಿನಾ ಬ್ರಷ್ ಮಾಡಬೇಕು. ಇಲ್ಲದಿದ್ರೆ ಉಳಿದದ್ದೂ ಹೋಗ್ತದೆ."

"ಬೆಕ್ಕಿಗಾ?"

"ಬೆಕ್ಕಿಗೇ. ನಿಮ್ಮ ಪೇಸ್ಟ್ ಮಾತ್ರ ಬೇಡ. ನಾವು ಉಗುಳ್ತೇವೆ, ಅದು ನುಂಗ್ತದೆ, ವಿಷ ಆಗ್ತದೆ. ಬೆಕ್ಕಿಗೆ ಅಂತಲೇ ಪೇಸ್ಟ್ ಉಂಟು, ಬರೆದು ಕೊಡ್ತೇನೆ."

ಎರಡು ವಾರ ಕಳೆಯಿತು. ಬೆಳಿಗ್ಗೆ ಸುಗುಣಮ್ಮ ನನ್ನನ್ನು ಟವೆಲಿನಲ್ಲಿ ಸುತ್ತಿ ಅದುಮಿ ಹಿಡಿದರು. ಭಂಡಾರಿಯವರು ಬಾಯಿ ಅಗಲಿಸಿ ಬ್ರಷ್ ತುರುಕಿದರು. ನಾನು ಅವರ ಬಲಗೈಯ ಹೆಬ್ಬೆರಳನ್ನು ಕಚ್ಚಿದೆ. ಉಳಿದ ಹಲ್ಲುಗಳು ಎಷ್ಟು ಗಟ್ಟಿ ಎಂಬುದು ಇಬ್ಬರಿಗೂ ಗೊತ್ತಾಯಿತು.

ಆ ಬೆರಳು ಊದಿತು. ಇಂಜೆಕ್ಷನ್‌ಗಳಾದವು. ಐದು ದಿನ ಸೆಲೂನು ಮುಚ್ಚಿತ್ತು. ಸುಗುಣಮ್ಮ ಖಡಾಖಂಡಿತವಾಗಿ ಹೇಳಿದರು. "ನಮ್ಮ ಮನೆ ನಡೆಯುವುದು ಆ ಬೆರಳಿನಿಂದ. ಅದಕ್ಕೇ ಇದು ಬಾಯಿ ಹಾಕಿದೆ. ಗಿರಿಜಕ್ಕನಿಗೆ ವಾಪಸು ಕೊಟ್ಟು ಬನ್ನಿ."

ನಾನು ಕಪಾಟಿನ ಅಡಿಯಿಂದ ಅವರ ಪಾದಗಳನ್ನು ನೋಡುತ್ತಿದ್ದೆ.

"ತಪ್ಪು ನಂದು ಸುಗುಣಾ" ಎಂದರು ಭಂಡಾರಿಯವರು. "ಕುರ್ಚಿಯಲ್ಲಿ ಕೂತವನ ಕೆನ್ನೆಗೆ ಬಂದ ಹಾಗೇ ಕತ್ತಿ ಇಡ್ತೇನಾ? ಮೊದಲು ನೀರು ಹಚ್ಚುವುದು, ಆಮೇಲೆ ಸೋಪು, ಆಮೇಲೆ ಅಲ್ವಾ ಕತ್ತಿ? ಮೂವತ್ತು ವರ್ಷ ಮಾಡಿದ ಕೆಲಸವನ್ನು ಇವಳ ಹತ್ತಿರ ಮರೆತೆ. ಒಂದು ತಿಂಗಳು ಕೊಡು. ಆಗದಿದ್ರೆ ನಾನೇ ಬಿಟ್ಟು ಬರ್ತೇನೆ."

ಸುಗುಣಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಮುಗಿಯುವ ತಾರೀಕಿಗೆ ಸುತ್ತು ಹಾಕಿದರು.

ಮರುದಿನದಿಂದ ಟವೆಲ್ ಇಲ್ಲ, ಅದುಮುವುದೂ ಇಲ್ಲ. ಭಂಡಾರಿಯವರು ಮೀನು ಬೇಯಿಸಿದ ಉಪ್ಪಿಲ್ಲದ ನೀರಿನಲ್ಲಿ ಬೆರಳು ಅದ್ದಿ ನನ್ನ ಮುಂದೆ ಹಿಡಿದರು. ನೆಕ್ಕಿದೆ. ಅಷ್ಟೇ, ಎದ್ದು ಹೋದರು. ಮೂರು ದಿನ ಹೀಗೇ ನಡೆಯಿತು. ಆಮೇಲೆ ನೆಕ್ಕುವಾಗ ಆ ಬೆರಳು ತುಟಿಯೊಳಗೆ ಒಂದಿಷ್ಟು ಜಾರಿತು. ನಾನು ಕಿವಿ ಹಿಂದೆ ಮಾಡಿದರೆ ಬೆರಳು ಹೊರಗೆ. ಅವರಿಗೆ ಕೋಪ ಬರಲಿಲ್ಲ, ಅವಸರವೂ ಇರಲಿಲ್ಲ. ಬೆರಳಿಗೆ ತೆಳು ಬಟ್ಟೆ ಸುತ್ತಿಕೊಂಡರು. ಮುಂದಿನ ಹಲ್ಲನ್ನು ಒರೆಸಿದರು, ಒಂದು ವಾರದ ಮೇಲೆ ಹಿಂದಿನದನ್ನೂ. ಬಾಯಿ ಬಿಡಿಸಬೇಕಾದ್ದೇ ಇಲ್ಲ, ತುಟಿ ಎತ್ತಿ ಹೊರಬದಿ ಉಜ್ಜಿದರೆ ಸಾಕೆಂದು ಅವರ ಕೈ ತಾನಾಗಿ ಕಂಡುಕೊಂಡಿತು. ಎಡಗೈಯ ಎರಡು ಬೆರಳು ನನ್ನ ಕೆನ್ನೆಯನ್ನು ಎಳೆದವು, ಗಿರಾಕಿಗೆ ಎಳೆಯುವಷ್ಟೇ ಮೆಲ್ಲಗೆ. ಆಗ ನನ್ನ ಕಣ್ಣೂ ಮುಚ್ಚಿತು.

ಇಪ್ಪತ್ತೇಳನೆಯ ದಿನ ಕೋಳಿ ರುಚಿಯ ಪೇಸ್ಟ್ ಹಚ್ಚಿದ ಪುಟ್ಟ ಬ್ರಷ್ ಒಸಡಿನ ಅಂಚಿನಲ್ಲಿ ಸಣ್ಣ ಸಣ್ಣ ಸುತ್ತು ಹಾಕಿ ಹೊರಗೆ ಬಂತು. ಎರಡೂ ಬದಿ ಸೇರಿ ಅರ್ಧ ನಿಮಿಷ. ಸುಗುಣಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮರುದಿನ ನೋಡಿದರೆ, ಮನೆಯವರ ಬ್ರಷ್‌ಗಳ ಜೊತೆ ಅದಲುಬದಲಾಗದಿರಲೆಂದು ನನ್ನದರ ಹಿಡಿಗೆ ಕೆಂಪು ನೂಲು ಕಟ್ಟಿ ಬೇರೆ ಲೋಟದಲ್ಲಿ ಇಟ್ಟಿದ್ದರು.

ಸಂಜೀವ ಮಾಸ್ಟ್ರು ತಿರುಗಿ ಬಂದರು. ಬೇರೆ ಸೆಲೂನಿನವನ ಕೈ ಅವರಿಗೆ ಹಿಡಿಸಿರಲಿಲ್ಲ. ನನ್ನ ಹಲ್ಲುಜ್ಜುವುದನ್ನು ನೋಡಿ ಮೊದಲ ದಿನ ನಕ್ಕರು, ಮರುವಾರ ಬಗ್ಗಿ ನೋಡಿದರು, ಮೂರನೆಯ ವಾರ "ನಮ್ಮ ನಾಯಿಗೂ ಹೀಗೇ ಮಾಡಬಹುದಾ ಭಂಡಾರಿ?" ಎಂದು ಕೇಳಿದರು.

ವರ್ಷದ ಮೇಲೆ ಡಾಕ್ಟರ್ ನಫೀಸಾ ನನ್ನ ತುಟಿ ಎತ್ತಿ ನೋಡಿದರು. ಮತ್ತೊಂದು ಬದಿ ಎತ್ತಿದರು. "ಯಾರು ಮಾಡಿದ್ದು ಇದನ್ನು?"

"ನಾನೇ. ಎಂತ, ತಪ್ಪಾಯ್ತಾ?"

"ಬರುವ ಭಾನುವಾರ ಇಲ್ಲಿ ನಾಯಿ ಬೆಕ್ಕು ಸಾಕುವವರಿಗೆ ಶಿಬಿರ ಉಂಟು. ಬಂದು ಎಲ್ಲರಿಗೂ ಹೇಳಿಕೊಡಿ. ನನಗೆ ಹೇಳಲಿಕ್ಕೆ ಗೊತ್ತುಂಟು, ನಿಮಗೆ ಮಾಡಲಿಕ್ಕೆ ಗೊತ್ತುಂಟು."

ಭಂಡಾರಿಯವರು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಬದುಕೆಲ್ಲ ಜನರ ಬೆನ್ನ ಹಿಂದೆ ನಿಂತು ಕೆಲಸ ಮಾಡಿದವರು. ಆ ಭಾನುವಾರ ನಲವತ್ತು ಜನ ಅವರ ಎದುರು ಕೂತಿದ್ದರು: ಬ್ಯಾಂಕಿನ ಮ್ಯಾನೇಜರು, ಇಬ್ಬರು ವಕೀಲರು, ಮಡಿಲಲ್ಲಿ ನಾಯಿ ಹಿಡಿದ ಸಂಜೀವ ಮಾಸ್ಟ್ರು. ಭಂಡಾರಿಯವರ ಎದೆ ಹೊಡೆದುಕೊಳ್ಳುತ್ತಿದ್ದುದು ಅವರ ತೋಳಿನಲ್ಲಿದ್ದ ನನಗೆ ಕೇಳುತ್ತಿತ್ತು. ನನ್ನನ್ನು ಮೇಜಿನ ಮೇಲೆ ಕೂರಿಸಿ ಕೆನ್ನೆಗೆ ಬೆರಳಿಟ್ಟರು. ಆಮೇಲೆ ಅವರ ಸ್ವರ ನಡುಗಲಿಲ್ಲ.

"ಹಿಡಿಯಲಿಕ್ಕೆ ಹೋಗಬೇಡಿ" ಎಂದರು. "ನಂಬಿಕೆ ಬರುವಷ್ಟು ದಿನ ಕಾಯಿರಿ."

ಸಂಜೀವ ಮಾಸ್ಟ್ರು ಎದ್ದು ನಿಂತು, "ನಿಮ್ಮ ಕೈ ತೋರಿಸಿ, ಇನ್ನೊಮ್ಮೆ ನೋಡುವ" ಎಂದರು. ಭಂಡಾರಿಯವರನ್ನು ಮಾಸ್ಟ್ರು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಈಗ ಸೆಲೂನಿಲ್ಲ. ಎರಡು ವರ್ಷದ ಹಿಂದೆ ಭಂಡಾರಿಯವರಿಗೆ ಕೈ ನಡುಗುವ ಕಾಯಿಲೆ ಶುರುವಾಯಿತು. ಯಾರೂ ಹೇಳುವ ಮೊದಲೇ ಅವರು ಕತ್ತಿಗಳಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಕಟ್ಟಿಟ್ಟರು. ನಾವು ಮೂವರೂ ಮನೆಯ ಜಗಲಿಯಲ್ಲೇ ಇರುತ್ತೇವೆ. ಬೆಳಿಗ್ಗೆ ಚಹಾ ಆದ ಮೇಲೆ ಅವರು ಮೆಟ್ಟಿಲಿನ ಮೇಲೆ ಕೂರುತ್ತಾರೆ, ನಾನು ತೊಡೆ ಏರುತ್ತೇನೆ. ಒಮ್ಮೊಮ್ಮೆ ಬ್ರಷ್ ನನ್ನ ಮೂಗಿಗೆ ತಾಗುತ್ತದೆ.

"ಕೊಡಿ, ನಾನು ಮಾಡ್ತೇನೆ" ಎನ್ನುತ್ತಾರೆ ಸುಗುಣಮ್ಮ.

"ಬೇಡ ಸುಗುಣಾ. ಇವಳೊಬ್ಬಳಾದರೂ ನನ್ನ ಗಿರಾಕಿ ಆಗಿರಲಿ."

ಅವರು ಎರಡು ಬೆರಳಿನಲ್ಲಿ ನನ್ನ ಕೆನ್ನೆ ಎಳೆಯುತ್ತಾರೆ. ಬ್ರಷ್ ನಡುಗುತ್ತಾ ಬರುತ್ತದೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನಾನೇ ನನ್ನ ಹಲ್ಲನ್ನು ಒಯ್ಯುತ್ತೇನೆ.