ರೇಸು ನೋಡಲು ಹೋದವರು

ಹಲ್ಲಿನ ಸೆಟ್ಟು ಮಾಡುವವನಿಗೆ ಕಾರುಗಳೆಂದರೆ ಅಷ್ಟಕ್ಕಷ್ಟೇ. ವಾರವೆಲ್ಲ ಕಿಟಕಿಯಿಲ್ಲದ ಕೋಣೆಯಲ್ಲಿ, ಮೇಣ ಕರಗುವ ವಾಸನೆಯ ನಡುವೆ, ಯಾರ‍್ಯಾರದೋ ಒಸಡಿನ ಅಚ್ಚಿಗೆ ಹಲ್ಲು ಕೂರಿಸುತ್ತಿದ್ದ ಅವನಿಗೆ ರಜೆ ಸಿಕ್ಕರೆ ಕಾಲು ಚಾಚಿ ಮಲಗುವ ಆಸೆ. ಆದರೆ ಭಾವಮೈದ ಬಿಡಬೇಕಲ್ಲ. ಹೆಂಡತಿಯ ಈ ತಮ್ಮನಿಗೆ ಹಳೇ ಕಾರುಗಳ ಹುಚ್ಚು ನೆತ್ತಿಗೇರಿ ಕೂತಿತ್ತು. ಹಳೇ ಕಾರುಗಳ ರೇಸಿಗೆ ಮೂರೂ ಜನಕ್ಕೆ ಟಿಕೆಟ್ ತಂದವನೇ, "ಭಾವ, ನಾನು ಬೆಳಗ್ಗೇನೇ ಹೋಗಿ ನೆರಳಿರೋ ಕಡೆ ಜಾಗ ಹಿಡಿದಿರ್ತೀನಿ. ನೀವು ಅಕ್ಕನ್ನ ಕರ್ಕೊಂಡು ಬನ್ನಿ ಸಾಕು" ಎಂದುಬಿಟ್ಟ.

ಇಲ್ಲ ಅನ್ನುವುದು ಇವನ ಜಾಯಮಾನದಲ್ಲೇ ಇರಲಿಲ್ಲ. ಮಾವ ತೀರಿಕೊಂಡಾಗ ಅವರ ಬಟಾಣಿ ಬಣ್ಣದ ಹಳೇ ಕಾರನ್ನು ಕಂಡು ಈ ಭಾವಮೈದನೇ "ಆ ಡಬ್ಬಾ ಯಾರಿಗೆ ಬೇಕು" ಎಂದು ಮೂಗು ಮುರಿದಿದ್ದ. ಆಗಲೂ ಇಲ್ಲ ಅನ್ನಲಾಗದೆ ಇವನೇ ಅದನ್ನು ಮನೆಗೆ ತಂದಿದ್ದ. ಈಗ ಅದೇ ಕಾರಿನಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ ಇಟ್ಟುಕೊಂಡು ಗಂಡ ಹೆಂಡತಿ ಹೊರಟರು.

ರೇಸಿನ ಮೈದಾನದ ಗೇಟಿನಲ್ಲಿ ಬಿಳಿ ಕೋಟಿನ ಹಿರಿಯರೊಬ್ಬರು ಕಾರನ್ನು ಕಂಡದ್ದೇ ಎರಡೂ ಕೈ ಬೀಸಿದರು.

"ಬನ್ನಿ ಬನ್ನಿ, ನಿಮಗೋಸ್ಕರಾನೇ ಕಾಯ್ತಾ ಇದ್ವಿ. ಈ ಕಡೆಯಿಂದ ಹೋಗಿ."

ಇವನು ಅವರ ಮಾತಿಗಿಂತ ಬಾಯನ್ನೇ ನೋಡುತ್ತಿದ್ದ. ಮೇಲಿನ ಸೆಟ್ಟು ಸಡಿಲವಾಗಿತ್ತು. 'ಗೋಸ್ಕರ' ಎನ್ನುವಾಗ ಸಣ್ಣದೊಂದು ಸೀಟಿ ಹೊರಟಿತ್ತು. ಯಾರೋ ಅವಸರದ ಕೆಲಸ ಮಾಡಿದ್ದಾರೆ ಎಂದುಕೊಂಡು, ತೋರಿಸಿದ ದಾರಿಗೆ ಕಾರು ತಿರುಗಿಸಿದ.

ಒಳಗೆ ಒಬ್ಬ ಓಡಿಬಂದು ಬಾಗಿಲಿಗೆ ದೊಡ್ಡ ನಂಬರೊಂದನ್ನು ಅಂಟಿಸಿದ.

"ಇದ್ಯಾಕ್ರೀ?" ಎಂದಳು ಹೆಂಡತಿ.

"ವಾಪಸ್ ಹೋಗುವಾಗ ಕಾರು ಅದಲುಬದಲಾಗಬಾರದಲ್ಲ. ಒಳ್ಳೇ ವ್ಯವಸ್ಥೆ ಕಣೇ."

ಇನ್ನೊಬ್ಬ ಕಿಟಕಿಯೊಳಗೆ ಎರಡು ಹೆಲ್ಮೆಟ್ ತುರುಕಿದ.

"ಕಾರೊಳಗೆ ಕೂತೋರಿಗೂ ಹೆಲ್ಮೆಟ್ಟಾ?"

"ಈಗೆಲ್ಲ ಸುರಕ್ಷತೆ ಜಾಸ್ತಿ. ಕೊಟ್ಟಿದ್ದನ್ನ ಹಾಕ್ಕೊಂಡ್ಬಿಡು, ಮಾತು ಬೆಳೆಸೋದು ಬೇಡ."

ಅವಳು ಕೊಡೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೆಲ್ಮೆಟ್ ಹಾಕಿಕೊಂಡಳು. ಮುಂದೆ ಹಳೇ ಕಾರುಗಳು ಎರಡೆರಡು ಸಾಲಾಗಿ ನಿಂತಿದ್ದವು. ಧ್ವನಿವರ್ಧಕ ಏನನ್ನೋ ಒದರುತ್ತಿತ್ತು. ಅವಳು ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗುವ ಕೆಲಸದವಳು. ಮೈಕಿನ ಮುಂದೆ ತಪ್ಪು ಮಾಡಿದವರನ್ನು ಅವಳು ಕ್ಷಮಿಸುತ್ತಿರಲಿಲ್ಲ.

"ಒಂದಕ್ಷರ ಅರ್ಥ ಆಗಲ್ಲ. ಪದಗಳನ್ನ ಅಗಿಯದೇ ನುಂಗ್ತಾನೆ. ಪಾರ್ಕಿಂಗ್ ಯಾವ ಕಡೆ ಅಂತ ಸರಿಯಾಗಿ ಹೇಳೋಕೇನು ಧಾಡಿ?"

"ಮುಂದಿನ ಕಾರಿನ ಹಿಂದೆ ಹೋದರಾಯ್ತು ಬಿಡು."

ಯಾರೋ ಬಾವುಟ ಬೀಸಿದರು. ಮುಂದಿನ ಕಾರುಗಳೆಲ್ಲ ಹೊಗೆ ಕಾರುತ್ತ ಬಾಣದಂತೆ ಹೊರಟವು. ಜಾಗಕ್ಕಾಗಿ ಜನ ಹೀಗೆ ಮುಗಿಬೀಳುವುದನ್ನು ಕಂಡು ಇವನಿಗೆ ಬೇಸರವಾಯಿತು. ತನ್ನ ಮಾಮೂಲಿ ನಡಿಗೆಯಲ್ಲೇ, ಎಡಗಡೆ ಅಂಚು ಹಿಡಿದು, ತಿರುವು ಬಂದಲ್ಲೆಲ್ಲ ಇಂಡಿಕೇಟರ್ ಹಾಕುತ್ತ ಹೋದ.

ರಸ್ತೆ ಬಹಳ ಚೆನ್ನಾಗಿತ್ತು. ಗುಂಡಿಯಿಲ್ಲ, ಎದುರಿನಿಂದ ಯಾರೂ ಬರುವುದಿಲ್ಲ. ಆದರೆ ಪಾರ್ಕಿಂಗ್ ಮಾತ್ರ ಸಿಗಲೊಲ್ಲದು. ಟೈರುಗಳ ರಾಶಿಯೊಂದನ್ನು ದಾಟಿದರು, ನೀರಿನ ಟ್ಯಾಂಕನ್ನು ದಾಟಿದರು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಟೈರುಗಳು ಬಂದವು.

"ಇಲ್ಲಿಗೆ ಆಗಲೇ ಬಂದಿದ್ವಲ್ರೀ."

"ಎಲ್ಲ ಕಡೆ ಒಂದೇ ಥರ ಟೈರು ಇಟ್ಟಿರ್ತಾರೆ."

"ನೀರಿನ ಟ್ಯಾಂಕೂನಾ?"

ಅವನು ಮುಂದಿನ ತಿರುವಿಗೆ ಇಂಡಿಕೇಟರ್ ಹಾಕಿದ. ಹಿಂದಿನಿಂದ ಕೆಂಪು ಕಾರೊಂದು ಗುಡುಗುತ್ತ ಬಂದು ಪಕ್ಕದಿಂದ ನುಗ್ಗಿತು. ಪಾಪ, ಅವರಿಗೂ ಜಾಗ ಸಿಕ್ಕಿಲ್ಲ ಎಂದು ಇವನು ಕನಿಕರಪಟ್ಟ. ನೀಲಿ ಕಾರೊಂದು ಹುಲ್ಲಿನ ಮೇಲೆ ಅಡ್ಡಡ್ಡ ನಿಂತಿತ್ತು. ಅದರ ಮಾಲೀಕ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ್ದ. "ನೋಡ್ರೀ, ಅವನು ಸಿಕ್ಕಿದ ಕಡೆ ನಿಲ್ಲಿಸಿಬಿಟ್ಟಿದಾನೆ. ನಿಮಗೂ ಧೈರ್ಯ ಇದ್ದಿದ್ರೆ ನಾವು ಇಷ್ಟೊತ್ತಿಗೆ ರೇಸ್ ನೋಡ್ತಿದ್ವಿ" ಎಂದಳು ಹೆಂಡತಿ.

ಅಷ್ಟರಲ್ಲಿ ಅವಳ ಫೋನು ಮೊಳಗಿತು. ಹೆಲ್ಮೆಟ್ಟಿನೊಳಗೆ ಫೋನು ತೂರದ್ದರಿಂದ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಎಲ್ಲಿ ಹಾಳಾಗಿ ಹೋದ್ರಿ? ರೇಸ್ ಶುರುವಾಗಿ ಎಷ್ಟೊತ್ತಾಯ್ತು."

"ಪಾರ್ಕಿಂಗ್ ಹುಡುಕ್ತಾ ಇದೀವಿ ಕಣೋ. ಸಾಯ್ತಾ ಇದೀವಿ."

"ಬೇಗ ಬನ್ನಿ. ಇಲ್ಲೊಂದು ತಮಾಷೆ ನೋಡ್ಬೇಕು ನೀವು. ಯಾವನೋ ಪುಣ್ಯಾತ್ಮ ರೇಸಿನಲ್ಲಿ ಇಂಡಿಕೇಟರ್ ಹಾಕ್ಕೊಂಡು ಓಡಿಸ್ತಾ ಇದಾನೆ. ಪಕ್ಕದಲ್ಲೊಬ್ಬಳು ಕೊಡೆ ಹಿಡ್ಕೊಂಡು ಕೂತಿದಾಳೆ. ಜನ ಬಿದ್ದು ಬಿದ್ದು ನಗ್ತಾ ಇದಾರೆ."

ಹೆಂಡತಿ ತನ್ನ ತೊಡೆಯ ಮೇಲಿದ್ದ ಕೊಡೆಯನ್ನು ನೋಡಿದಳು. "ಕಾರು ಯಾವ ಬಣ್ಣ?" ಎಂದಳು ಮೆಲ್ಲಗೆ.

"ಒಂಥರಾ ಬಟಾಣಿ..." ಅತ್ತಲಿನ ದನಿ ಮಾತನ್ನು ಅರ್ಧಕ್ಕೇ ಬಿಟ್ಟು "ಭಾವ" ಎಂದಿತು.

"ಹೇಳಪ್ಪ."

"ನೀವು ರೇಸಿನಲ್ಲಿದೀರ."

ನಿಲ್ಲಿಸಿಬಿಡೋಣವೆಂದರೆ ಹಿಂದೆ ಬರುವವರು ಬಂದು ಗುದ್ದುತ್ತಾರೆ. ಜೋರಾಗಿ ಓಡಿಸೋಣವೆಂದರೆ ಧೈರ್ಯವಿಲ್ಲ. ಈಗ ಗಡಿಬಿಡಿ ಮಾಡಿದರೆ ಬೇಕೆಂದೇ ನುಗ್ಗಿದವನಂತೆ ಕಾಣುತ್ತದೆ ಎಂಬ ಅಳುಕು ಬೇರೆ. ಹಾಗಾಗಿ ಏನೂ ಗೊತ್ತಿಲ್ಲದವನ ಮುಖ ಮಾಡಿಕೊಂಡು, ಹಿಂದಿನ ಸುತ್ತುಗಳಷ್ಟೇ ನಿಧಾನವಾಗಿ, ಬಾವುಟ ಬೀಳುವತನಕ ಸುತ್ತಿದ. ಹೆಂಡತಿ ಒಂದು ಮಾತೂ ಆಡಲಿಲ್ಲ. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ. ಅವನಿಗೆ ರೇಸಿಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು.

ಕಾರು ನಿಲ್ಲಿಸಿ ಕೆಳಗಿಳಿದಾಗ ಬಿಳಿ ಕೋಟಿನ ಹಿರಿಯರು ಓಡೋಡಿ ಬಂದರು. ಇವನು ಬೈಗುಳಕ್ಕೆ ತಲೆಯೊಡ್ಡಿ ನಿಂತ. ಅವರು ಇವನ ಕೈ ಹಿಡಿದುಕೊಂಡರು.

"ಇಷ್ಟು ವರ್ಷದಲ್ಲಿ ಇಂಥ ಚಾಲನೆ ನಾನು ನೋಡಿಲ್ಲ ಸ್ವಾಮಿ."

ಆ ರೇಸು ವೇಗದ್ದಾಗಿರಲಿಲ್ಲ. ಹಳೇ ಕಾರುಗಳಿಗೆ ಆಯಾಸವಾಗಬಾರದೆಂದು, ಪ್ರತಿ ಸುತ್ತನ್ನೂ ಏರುಪೇರಿಲ್ಲದೆ ಒಂದೇ ಹದದಲ್ಲಿ ಮುಗಿಸಿದವರಿಗೆ ಬಹುಮಾನದ ಕಪ್. ಮಿಕ್ಕವರು ಒಮ್ಮೆ ನುಗ್ಗಿ, ಒಮ್ಮೆ ತಡೆದು, ಲೆಕ್ಕ ತಪ್ಪಿಸಿಕೊಂಡಿದ್ದರು. ಪಾರ್ಕಿಂಗ್ ಹುಡುಕಿದವನು ಮಾತ್ರ ಗಾಣದೆತ್ತಿನ ಹಾಗೆ ಒಂದೇ ಸಮನೆ ಸುತ್ತಿದ್ದ.

"ನಾವು ರೇಸಿಗೆ ಬಂದೋರಲ್ಲ. ನೋಡೋಕೆ ಬಂದೋರು" ಎಂದ ಅವನು.

"ಎಂಥ ವಿನಯ" ಎಂದು ಹಿರಿಯರು ಸುತ್ತಲಿನವರತ್ತ ತಿರುಗಿದರು.

"ನಿಜವಾಗ್ಲೂ. ಟಿಕೆಟ್ ಇದೆ."

"ಟಿಕೆಟ್ ಬೇರೆ ತಗೊಂಡಿದಾರೆ ನೋಡಿ. ಹೀಗಿರಬೇಕು ಮನುಷ್ಯ."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆ ಕಪ್ ಇವನ ಕೈಗೆ ಬಂತು. ಹಿರಿಯರು ಮೈಕಿನಲ್ಲಿ ಭಾಷಣ ಶುರುಮಾಡಿದರು. ಪ್ರತಿ ಸಕಾರಕ್ಕೂ ಸೀಟಿ ಮೈದಾನದ ತುಂಬ ಮೊಳಗುತ್ತಿತ್ತು. ಇವನಿಗೆ ತಡೆಯಲಾಗಲಿಲ್ಲ. ಕಿವಿಯ ಹತ್ತಿರ ಬಾಗಿ, "ಸರ್, ಒಂದಿನ ನನ್ನ ಹತ್ರ ಬನ್ನಿ, ಅದನ್ನ ಗಟ್ಟಿ ಕೂರಿಸಿಕೊಡ್ತೀನಿ" ಎಂದ. ಮೈಕು ಆ ಮಾತನ್ನೂ ಎತ್ತಿಕೊಂಡಿತು. ಕಾರಿನ ಬಿಡಿಭಾಗದ ವಿಚಾರವಿರಬೇಕೆಂದು ಜನ ಮತ್ತೆ ಚಪ್ಪಾಳೆ ತಟ್ಟಿದರು.

ಗೆದ್ದವರು ಮಧ್ಯಾಹ್ನ ಇನ್ನೊಂದು ರೇಸಿಗೆ ಇಳಿಯಲೇಬೇಕೆಂದು ಹಿರಿಯರು ಹೇಳಿದಾಗ ಅವನು ಜೀವಮಾನದಲ್ಲಿ ಮೊದಲ ಬಾರಿಗೆ "ಆಗಲ್ಲ" ಎಂದ. ಅಂದಮೇಲೆ ತನಗೇ ಆಶ್ಚರ್ಯವಾಗಿ ಹೆಂಡತಿಯ ಮುಖ ನೋಡಿದ. ಅವಳು ಹೆಲ್ಮೆಟ್ ತೆಗೆದು ಕಾರಿನ ಮೇಲಿಟ್ಟು, "ಆಗಲ್ಲ ಅಂದ್ರಲ್ಲ, ಕೇಳಿಸಲಿಲ್ವೇ?" ಎಂದಳು, ಬಸ್ ರದ್ದಾಗಿದೆಯೆಂದು ತಿಳಿಸುವ ದನಿಯಲ್ಲಿ. ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟು ಹೊತ್ತಿಗೆ ಭಾವಮೈದ ಬೇಲಿ ಹಾರಿ ಬಂದಿದ್ದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಸವರಿ, "ಭಾವ, ಮಧ್ಯಾಹ್ನ ನಾನು ಓಡಿಸ್ಲಾ?" ಎಂದ.

"ಡಬ್ಬಾ ಕಣೋ ಅದು" ಎಂದಳು ಅಕ್ಕ. ಆದರೂ ಬೀಗದಕೈ ಅವಳೇ ಕೊಟ್ಟಳು.

ಕೊನೆಗೂ ಗಂಡ ಹೆಂಡತಿ ಮೆಟ್ಟಿಲಿನ ಮೇಲೆ, ನೆರಳಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದರು. ಮೈದಾನ ಕಣ್ಣಳತೆಯಲ್ಲಿ ಹರಡಿಕೊಂಡಿತ್ತು. ಭಾವಮೈದ ಬಾವುಟ ಬಿದ್ದದ್ದೇ ಎಲ್ಲರನ್ನೂ ಹಿಂದಿಕ್ಕಿ ಹಾರಿದ. ಮೊದಲ ತಿರುವಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಫೋನು ಬಂತು.

"ಭಾವಾ, ಸ್ಟಾರ್ಟ್ ಆಗ್ತಿಲ್ಲ. ಏನು ಮಾಡ್ಲಿ?"

"ಏನೂ ಮಾಡಬೇಡ. ಇಂಜಿನ್ ಕಾದಿದೆ, ತಣ್ಣಗಾಗೋವರೆಗೆ ಸುಮ್ನೆ ಕೂತ್ಕೋ."

ಬೇರೆ ಕಾರುಗಳು ಮುಂದೆ ಮುಂದೆ ಹೋಗಿ, ಸುತ್ತು ಬಂದು, ಮತ್ತೆ ಹೋದವು. ಯಾವುದು ಮೊದಲು, ಯಾವುದು ಕೊನೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬಟಾಣಿ ಬಣ್ಣದ ಕಾರೊಂದೇ ಹಸಿರು ಹುಲ್ಲಿನ ಅಂಚಿನಲ್ಲಿ, ಬಿಸಿಲಿಗೆ ಮಿನುಗುತ್ತ, ಕದಲದೆ ನಿಂತಿತ್ತು. ಒಳಗೆ ಭಾವಮೈದ ನೆಟ್ಟಗೆ ಕೂತಿದ್ದ.

"ದೂರದಿಂದ ನೋಡಿದ್ರೆ ಚೆನ್ನಾಗೇ ಇದೆ ಅಲ್ವೇನ್ರೀ?" ಎಂದಳು ಹೆಂಡತಿ.

"ಹೂಂ" ಎಂದು ಅವನು ಕಾಲು ಚಾಚಿ, ಅದನ್ನೇ ನೋಡುತ್ತ ಕೂತ.