ಕಪ್ಪು ಕಲ್ಲಿನ ಮೇಲೆ ರಾದಿಸಾವನ ನಗು

ರಾದಿಸಾವ್ ಸತ್ತು ವರ್ಷವಾಗುತ್ತಾ ಬಂದಿತ್ತು. ವರ್ಷದ ತಿಥಿಯ ಹೊತ್ತಿಗೆ ಗೋರಿಯ ಮೇಲೆ ಕಪ್ಪು ಕಲ್ಲು ನಿಲ್ಲಬೇಕು, ಅದರಲ್ಲಿ ಗಂಡನ ನಗುಮುಖ ಇರಬೇಕು, ಪಕ್ಕದಲ್ಲಿ ತನ್ನದೂ ಇರಬೇಕು ಎಂದು ಸ್ತಾಮೆಂಕಾ ಹಟ ಹಿಡಿದಿದ್ದಳು. ಬದುಕಿರುವಾಗಲೇ ಮುಖ ಕೆತ್ತಿಸಿ, ಸಾಯುವ ಇಸವಿಯ ಜಾಗ ಖಾಲಿ ಬಿಡುವುದು ಆ ಊರಲ್ಲಿ ಮಾಮೂಲು. ತಾನು ಹೋದ ಮೇಲೆ ಮಕ್ಕಳು ಯಾವ ದರಿದ್ರ ಫೋಟೊ ಹಾಕಿಸುತ್ತಾರೋ, ಯಾರಿಗೆ ಗೊತ್ತು!

ಆದರೆ ಆ ಮನುಷ್ಯ ನಕ್ಕಿದ್ದ ಫೋಟೊ ಇದ್ದದ್ದು ಒಂದೇ, ತಂಗಿಯ ಮಗನ ಮದುವೆಯದು, ಅದೂ ಅವಳ ಫೋನಿನಲ್ಲಿ. ಜಾಗ ಉಳಿಯಲೆಂದು ಫೋಟೊದ ಅಳತೆಯನ್ನು ಅತಿ ಚಿಕ್ಕದಕ್ಕೆ ಇಟ್ಟಿದ್ದ ಮಹಾತಾಯಿ ಆಕೆ. ಉಳಿದ ಜಾಗದಲ್ಲೆಲ್ಲ ತಾನೇ ಹಾಕಿದ ಉಪ್ಪಿನಕಾಯಿ ಜಾಡಿಗಳ ಫೋಟೊ ತುಂಬಿದ್ದಳು. ಸಾಲದ್ದಕ್ಕೆ ಗಂಡನ ಮೂಗಿನ ಕೆಂಪು ಅಳಿಸಿ, ಸುಕ್ಕು ಒರೆಸಿ, ಕೆನ್ನೆ ನುಣುಪು ಮಾಡಿ, ಹಳೆಯದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದಳು.

ಕಲ್ಲುಕುಟಿಗ ಗ್ವೋಜ್ದೆನ್ ಅದನ್ನು ಪರದೆಯ ಮೇಲೆ ಹಿಗ್ಗಿಸಿದ. ಮುಖವೆಲ್ಲ ಚೌಕುಳಿ ಚೌಕುಳಿಯಾಯಿತು.

“ಅಕ್ಕಾ, ಇದು ನಿನ್ ಗಂಡನೋ, ಬಚ್ಚಲಮನೆ ಟೈಲ್ಸೋ?”

“ಸ್ವಲ್ಪ ತಿದ್ದಿ ಸರಿಮಾಡಪ್ಪ.”

“ಇಲ್ಲದ್ದನ್ನ ಎಲ್ಲಿಂದ ತರ್ಲಿ? ನೀನು ತಿದ್ದಿದ್ದೇ ಹೆಚ್ಚಾಯ್ತು. ಕೆಂಪಿಲ್ಲದ ಮೂಗು ಅವನಿಗೆ ಯಾವತ್ತಿತ್ತು? ಆ ಮದುವೇಲಿ ವಿದೊಸಾವಾ ಕ್ಯಾಮೆರಾ ಹಿಡ್ಕೊಂಡು ಓಡಾಡ್ತಿದ್ಳಲ್ಲ, ಹೋಗಿ ಕೇಳು.”

ಪಕ್ಕದ ಮನೆಯ ವಿದೊಸಾವಾಳಿಗೂ ಇವಳಿಗೂ ಎಣ್ಣೆ ಸೀಗೆಕಾಯಿ. ಅವಳ ಹಂದಿ ಇವಳ ಎಲೆಕೋಸು ಮೇಯ್ದಂದಿನಿಂದ ಮಾತಿರಲಿಲ್ಲ. ಆದರೂ ಸ್ತಾಮೆಂಕಾ ಮನೆಯಲ್ಲೇ ಇಳಿಸಿದ ರಾಕಿಯಾ ಹೆಂಡದ ಒಂದು ಸೀಸೆ ಹಿಡಿದು, ಮುಖ ಗಂಟಿಕ್ಕಿಕೊಂಡೇ ಹೋಗಿ ಬಾಗಿಲು ತಟ್ಟಿದಳು.

“ಬಾರೇ, ಕೋಸಿನ ಮಹಾರಾಣಿ,” ಎಂದಳು ವಿದೊಸಾವಾ. “ಆ ಹಂದೀನ ಕಡಿದೂ ಆಯ್ತು, ತಿಂದೂ ಆಯ್ತು. ನಿನ್ ಸಿಟ್ಟು ಮಾತ್ರ ಇನ್ನೂ ಬೇಯ್ತಾ ಇದೆಯಲ್ಲ!”

ಸ್ತಾಮೆಂಕಾ ಬಂದ ಕಾರಣ ಹೇಳಿದಳು.

“ಫೋಟೊ ಇಲ್ದೆ ಏನು? ನಾನು ತೆಗೆಯೋದೇ ದೊಡ್ಡ ಅಳತೇಲಿ. ಎರಡೆರಡು ಕಡೆ ಇಟ್ಟಿದ್ದೀನಿ, ಒಂದು ಹಾಳಾದ್ರೆ ಇನ್ನೊಂದಿರ್ಲಿ ಅಂತ.”

ಕಂಪ್ಯೂಟರಿನಲ್ಲಿ ರಾದಿಸಾವ್ ಕಾಣಿಸಿಕೊಂಡ. ಕೆಂಪು ಮೂಗು, ಸುಕ್ಕು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಸೊಪ್ಪು, ಒಂದೂ ತಪ್ಪಿರಲಿಲ್ಲ. ಎದುರಿಗೆ ಸ್ತಾಮೆಂಕಾ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅವನ ಮೂಗಿಗೆ ತಿವಿಯುವಂತೆ ಎತ್ತಿ, ಬಾಯಿ ಬಿಟ್ಟುಕೊಂಡು ಬೈಯುತ್ತಿದ್ದಳು.

“ಅಯ್ಯೋ, ರಾಕ್ಷಸಿ ಥರ ಇದ್ದೀನಲ್ಲೇ!”

“ದಿನಾ ಇರೋದೇ ಹಾಗೆ. ನಿನ್ ಬೈಗುಳಕ್ಕೆ ಹೇಗೆ ಅರಳಿದೆ ಅವನ ಮುಖ, ನೋಡೇ. ರಾಕಿಯಾ ಕಂಡ್ರೂ ಅಷ್ಟು ಖುಷಿ ಪಡ್ತಿರ್ಲಿಲ್ಲ ಅವ್ನು.”

ಇಷ್ಟು ದಿನ ಅವನು ಹೆಂಡಕ್ಕೆ ನಕ್ಕಿದ್ದನೆಂದೇ ಸ್ತಾಮೆಂಕಾ ತಿಳಿದಿದ್ದಳು. ಹೂತ ದಿನವೂ ಇಳಿಯದ ಕಣ್ಣೀರು ಈಗ ಧಾರೆಯಾಗಿ ಇಳಿಯಿತು. ಆ ಕುಡುಕ ಇಲ್ಲದೆ ಮನೆ ಭಣಭಣ ಅನ್ನುತ್ತಿತ್ತು.

“ನಿನ್ನ ಕತ್ತರಿಸಿ ಅವನನ್ನಷ್ಟೇ ಕೊಡ್ಲೇನೇ?” ಎಂದಳು ವಿದೊಸಾವಾ, ಮೆಲ್ಲಗೆ.

“ಮುಟ್ಟಿದ್ರೆ ಕೈ ಮುರೀತೀನಿ.”

ತಿಥಿಯ ದಿನ ಧೂಪ ಬೀಸುತ್ತ ಬಂದ ಪಾದ್ರಿ ಕಲ್ಲನ್ನು ನೋಡಿ ಪ್ರಾರ್ಥನೆಯನ್ನೇ ಮರೆತ. ಕಲ್ಲಿನ ಮೇಲೆ ಸ್ತಾಮೆಂಕಾ ಬೆರಳೆತ್ತಿ ಬೈಯುತ್ತಿದ್ದಳು, ರಾದಿಸಾವ್ ಅವಳನ್ನೇ ನೋಡುತ್ತ ನಗುತ್ತಿದ್ದ.